ಅರ್‌ರಾಝಿಯ ಸಾಲುಗಳೂ ತಾಲೂಕು ವೈದ್ಯರ ಪರದೆಯೂ

ವೈದ್ಯವಿದ್ಯೆ ಅರ್ಧ ಕಿತಾಬಿನಿಂದ ಬಂದರೆ ಉಳಿದರ್ಧ ಉಸ್ತಾದರ ಪಕ್ಕದಲ್ಲಿ ನಿಂತು ಬರುತ್ತದೆ. ಹತ್ತನೆಯ ಶತಮಾನದ ಬಗ್ದಾದಿನ ಇಬ್ನ್ ಅನ್ನದೀಮ್ ತಮ್ಮ ‘ಅಲ್ ಫಿಹ್‌ರಿಸ್ತ್’ ಗ್ರಂಥದಲ್ಲಿ ಮಹಾವೈದ್ಯ ಅರ್‌ರಾಝಿಯ ಪಾಠಕ್ರಮವನ್ನು ದಾಖಲಿಸಿದ್ದಾರೆ. ಅರ್‌ರಾಝಿಯ ಮುಂದೆ ಶಿಷ್ಯರು, ಅವರ ಮುಂದೆ ಅವರ ಶಿಷ್ಯರು ಸಾಲುಸಾಲಾಗಿ ಕೂರುತ್ತಿದ್ದರು. ಬಂದ ರೋಗಿ ಮೊದಲು ಕಿರಿಯರ ಬಳಿ ಕಷ್ಟ ಹೇಳಿಕೊಳ್ಳಬೇಕು. ಅವರಿಗೆ ತಿಳಿಯದಿದ್ದರೆ ಮುಂದಿನ ಸಾಲು; ಅವರಿಗೂ ತಿಳಿಯದಿದ್ದರೆ ಕೊನೆಗೆ ಉಸ್ತಾದರೇ ಬಾಯಿ ತೆರೆಯುತ್ತಿದ್ದರು.

ಈ ಹಳೆಯ ಏರ್ಪಾಡು ನಮಗೆ ಮತ್ತೆ ನೆನಪಾದದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ ದೇಶದ ಮೊದಲ ಕೊರೊನಾ ಸಾವು ಸಂಭವಿಸಿತು. ಮಾರ್ಚ್ 25ಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಅದುವರೆಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ವೈದ್ಯರಿಗೆ ಹೊಸದನ್ನು ಕಲಿಯುವುದೆಂದರೆ ಚಿತ್ರದುರ್ಗಕ್ಕೋ ದಾವಣಗೆರೆಗೋ, ಇನ್ನೂರು ಕಿಲೋಮೀಟರ್ ಆಚೆಯ ಬೆಂಗಳೂರಿಗೋ ಹೋಗಿಬರುವುದಾಗಿತ್ತು. ಚಿಕಿತ್ಸೆಯ ಕ್ರಮ ಮೇಲಿಂದ ಮೇಲೆ ಬದಲಾಗುತ್ತಿದ್ದಾಗಲೇ ಆ ದಾರಿ ಮುಚ್ಚಿತು. ಉಳಿದದ್ದು ಪರದೆಯೊಂದೇ.

ಪರದೆಯೇನೂ ಆಗ ಹುಟ್ಟಿದ್ದಲ್ಲ. 2002ರಲ್ಲೇ ಇಸ್ರೋದ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಸಂಪರ್ಕ ಏರ್ಪಟ್ಟಿತ್ತು. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ ‘ಎಕೋ’ ಎಂಬ ಪದ್ಧತಿ ಆರಂಭಿಸಿದರು. ಹಳ್ಳಿಗಾಡಿನ ವೈದ್ಯ ತನ್ನದೇ ರೋಗಿಯ ವಿವರವನ್ನು ಪರದೆಯ ಮೇಲೆ ಮುಂದಿಡುವುದು, ತಜ್ಞರೂ ಇತರ ವೈದ್ಯರೂ ಕೂಡಿ ಚರ್ಚಿಸುವುದು ಇದರ ಕ್ರಮ. 2014ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದನ್ನು ತಂದಿತು. 2020ರಲ್ಲಿ ಕೊರೊನಾ ರೋಗಿಗಳ ತೀವ್ರ ನಿಗಾ ಘಟಕಗಳ ವೈದ್ಯರಿಗೆ ರಾಜ್ಯದ ತಜ್ಞರು ವಿಡಿಯೊ ಮೂಲಕ ಸಲಹೆ ನೀಡತೊಡಗಿದರು. ಜುಲೈ 8ರಿಂದ ದೆಹಲಿಯ ಏಮ್ಸ್ ಕೂಡ ಇಂಥದೇ ಚರ್ಚೆ ಆರಂಭಿಸಿತು.

ಆ ದಿನಗಳಲ್ಲಿ ನಾನಾ ದೇಶಗಳ ವೈದ್ಯರ ಅಭಿಪ್ರಾಯ ಕೇಳಲಾಯಿತು. ಪ್ರಯಾಣವಿಲ್ಲ, ಖರ್ಚಿಲ್ಲ, ಆಸ್ಪತ್ರೆ ಬಿಟ್ಟು ಹೋಗಬೇಕಿಲ್ಲ ಎಂದು ಬಹಳ ಮಂದಿ ಮೆಚ್ಚಿದರು. ನೆಟ್‌ವರ್ಕ್ ಕೈಕೊಡುತ್ತದೆ, ಕಣ್ಣು ದಣಿಯುತ್ತದೆ, ಮಾತುಕತೆ ಸಾಲದು, ಕೈಕೆಲಸ ಕಲಿಯಲಾಗದು ಎಂಬ ದೂರುಗಳೂ ಬಂದವು. ಎರಡೂ ನಿಜವೆಂದೇ ನಮ್ಮ ತಿಳಿವಳಿಕೆ. ನೂರಾರು ಜನ ಮೈಕ್ ಮುಚ್ಚಿಕೊಂಡು ಕೇಳುವ ಉಪನ್ಯಾಸ ಪಾಠವಾಗುವುದು ಕಷ್ಟ. ತನ್ನ ರೋಗಿಯ ಬಗ್ಗೆ ತಾನೇ ಪ್ರಶ್ನೆ ಎತ್ತುವ ಸಭೆಯಾದರೆ ಅದು ಅರ್‌ರಾಝಿಯ ಸಾಲುಗಳ ಬಳಗಕ್ಕೇ ಸೇರುತ್ತದೆ.

ಆದರೂ ಉಸಿರು ಕಟ್ಟಿದವರ ಗಂಟಲಿಗೆ ನಳಿಗೆ ಇಳಿಸುವುದನ್ನು ಕೈಯೇ ಕಲಿಯಬೇಕು. ಸಲಕರಣೆ ಇಲ್ಲದಿದ್ದರೆ ಕಲಿತ ಕೈಯೂ ಸೋಲುತ್ತದೆ. ಪರದೆಯನ್ನು ಅಷ್ಟು ಮೊದಲೇ ಕಂಡ ಚಾಮರಾಜನಗರದಲ್ಲೇ 2021ರ ಮೇ 2–3ರ ನಡುವೆ ಆಮ್ಲಜನಕದ ಕೊರತೆಯಾದಾಗ 24 ರೋಗಿಗಳು ಸತ್ತರು.

ಚಿತ್ರದುರ್ಗದಲ್ಲಿ ಮೊದಲೇ ಇದ್ದ ಬಸವೇಶ್ವರ ವೈದ್ಯಕೀಯ ಕಾಲೇಜಿನ ಜೊತೆಗೆ 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಶುರುವಾಗಿದೆ. ಪ್ರಶ್ನೆಗಳು ಪರದೆಯ ಮೇಲೆ ದೂರ ಹೋಗಲಿ; ಕೈಯ ಪಾಠ ಇಲ್ಲೇ ಜಿಲ್ಲಾ ಕೇಂದ್ರದಲ್ಲಿ ತಾಲೂಕು ವೈದ್ಯರಿಗೆ ತಪ್ಪದೆ ಸಿಗಲಿ. ಮುಂದಿನ ರೋಗ ನಮ್ಮನ್ನು ಕೇಳಿ ಬರುವುದಿಲ್ಲ. ಅದು ಬಂದ ದಿನ ಹೊಸದುರ್ಗದ ರೋಗಿಯನ್ನು ಆಂಬ್ಯುಲೆನ್ಸ್‌ಗೆ ಹತ್ತಿಸುವ ಮೊದಲೇ ಉಳಿಸಬಲ್ಲ ಕೈ ಹೊಸದುರ್ಗದಲ್ಲೇ ಇರಬೇಕು.