ಮಳೆ ಬಂದರೆ ಭೂಮಿ ಯಾಕೆ ನಡುಗುತ್ತೆ?

2021ರ ಡಿಸೆಂಬರ್ 22, ಬೆಳಗ್ಗೆ ಏಳು ದಾಟಿತ್ತು. ಚಿಕ್ಕಬಳ್ಳಾಪುರ ತಾಲೂಕಿನ ಮಂಡಿಕಲ್ಲು, ಭೋಗಪರ್ತಿ ಸುತ್ತಮುತ್ತ ಭಾರೀ ಸದ್ದಿನೊಂದಿಗೆ ನೆಲ ಅದುರಿತು. ಐದೇ ನಿಮಿಷದಲ್ಲಿ ಮತ್ತೊಮ್ಮೆ. ತೀವ್ರತೆ 2.9 ಮತ್ತು 3.0. ನಮ್ಮ ಕಡೆ ಸದ್ದು ಕೇಳಿದರೆ ಮೊದಲು ಅನುಮಾನ ಬರೋದು ಕ್ವಾರಿ ಮೇಲೆ. ಅದೇ ವರ್ಷ ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಕ್ಕೆ ಆರು ಜನ ಬಲಿಯಾಗಿದ್ದರು. ಆದರೆ ಡಿಸೆಂಬರ್‌ನದು ಕ್ವಾರಿಯಲ್ಲ, ಭೂಕಂಪವೇ.

ದಿಬ್ಬೂರಹಳ್ಳಿಯ ಟೀ ಅಂಗಡಿಯಲ್ಲಿ ಈ ಮಾತು ಬಂದಾಗ ತಾತನೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: ಅಷ್ಟು ಮಳೆ ಬಿದ್ದ ವರ್ಷವೇ ಭೂಮಿ ಯಾಕಪ್ಪ ನಡುಗಬೇಕು? ಎಂಜಿನಿಯರಿಂಗ್ ಓದಿದ ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ.

ಶಾಲೆಯಲ್ಲಿ ಭೂಮಿಯನ್ನು ನಾಲ್ಕು ಗೋಳಗಳಾಗಿ ಓದಿದ್ದೇವೆ: ಕಲ್ಲು ಮಣ್ಣಿನ ಶಿಲಾಗೋಳ, ನೀರಿನ ಜಲಗೋಳ, ಗಾಳಿಯ ವಾಯುಗೋಳ, ಜೀವಿಗಳ ಜೀವಗೋಳ. ಪರೀಕ್ಷೆಯಲ್ಲಿ ನಾಲ್ಕೂ ಬೇರೆ ಬೇರೆ. ನೆಲದ ಮೇಲೆ ಹಾಗಿಲ್ಲ. ಆ ವರ್ಷ ನವೆಂಬರ್‌ನಲ್ಲಿ ವಾಯುಗೋಳದಿಂದ ಸುರಿದ ಮಳೆ ಕೆರೆಗಳನ್ನು ತುಂಬಿಸಿತು. ಆ ನೀರು ಬಂಡೆಯ ಬಿರುಕುಗಳಿಗೆ ಇಳಿಯುತ್ತದೆ. ಬಿರುಕಿನೊಳಗೆ ನೀರಿನ ಒತ್ತಡ ಹೆಚ್ಚಿದಾಗ ಎರಡು ಬದಿಯ ಬಂಡೆಗಳನ್ನು ಹಿಡಿದಿಟ್ಟ ಘರ್ಷಣೆ ಕಡಿಮೆಯಾಗುತ್ತದೆ. ಮೊದಲೇ ಬಿಗಿದುಕೊಂಡಿದ್ದ ಬಂಡೆ ಸ್ವಲ್ಪ ಜಾರುತ್ತದೆ. ಮಳೆಗಾಲದ ನಂತರದ ಇಂಥ ಸಣ್ಣ ಕಂಪನಗಳಿಗೆ ವಿಜ್ಞಾನಿಗಳು ಕೊಡುವ ವಿವರಣೆ ಇದು. ಕಂಪನ ಆಳದಲ್ಲಲ್ಲ, ಮೇಲ್ಪದರದಲ್ಲೇ ಆಗುವುದರಿಂದ ಸದ್ದು ಜೋರು; ತೀವ್ರತೆ ಕಡಿಮೆ ಇರುವುದರಿಂದ ಹಾನಿ ಕಡಿಮೆ.

ಹೆದರಬೇಕಾ? ಲೆಕ್ಕ ನೋಡಿ. ತೀವ್ರತೆ ಒಂದು ಅಂಕ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ 6.2. ನಮ್ಮ 3.0ಕ್ಕಿಂತ ಅದರ ಶಕ್ತಿ ಸುಮಾರು 60,000 ಪಟ್ಟು. ಅಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತದ್ದು ಮುಖ್ಯವಾಗಿ ಕಲ್ಲು-ಮಣ್ಣಿನ ಗೋಡೆಗಳ ಕೆಳಗೆ. ಹಾಗಾಗಿ ದಕ್ಖನ್ ಪ್ರಸ್ಥಭೂಮಿ ಗಟ್ಟಿ, ಇಲ್ಲಿ ಏನೂ ಆಗಲ್ಲ ಅನ್ನೋ ಮಾತು ಪೂರ್ತಿ ನಿಜವಲ್ಲ. ಕಲ್ಲು ಚಪ್ಪಡಿ ಹೊದಿಸಿದ ನಮ್ಮ ಹಳೇ ಮನೆಗಳ ಬಿರುಕನ್ನು ಈಗಲೇ ಗಮನಿಸಬೇಕು.

ನಮ್ಮ ಕಾಲ ಕೆಳಗಿನ ಶಿಲೆಗೆ ಸುಮಾರು 300 ಕೋಟಿ ವರ್ಷ. ನಂದಿ ಬೆಟ್ಟದ ಗ್ರಾನೈಟಿಗೆ ಸುಮಾರು 250 ಕೋಟಿ. ಅದು ನೆಲದಾಳದಲ್ಲಿ ತಣ್ಣಗಾಗಿ ಗಟ್ಟಿಯಾದ ಶಿಲಾರಸ. ಮೇಲಿದ್ದ ಪದರವನ್ನು ಗಾಳಿ, ಮಳೆ ಸವೆಸಿದ ಮೇಲೆ ಬೆಟ್ಟವಾಗಿ ಕಾಣಿಸಿತು. ಅಂಥ ಬೆಟ್ಟವನ್ನು ಕ್ವಾರಿ ಒಂದು ತಲೆಮಾರಿನಲ್ಲೇ ಹಳ್ಳವಾಗಿಸುತ್ತದೆ.

ನೀರಿನದೂ ಅದೇ ಕಥೆ. ಗಟ್ಟಿ ಬಂಡೆಯಡಿ ಕೆರೆಯೇನೂ ಇರಲ್ಲ, ಇರೋದು ಬಿರುಕುಗಳಷ್ಟೆ. ತೆರೆದ ಬಾವಿಗಳು ಬತ್ತಿ ಬೋರ್‌ವೆಲ್ ಸಾವಿರ ಅಡಿ ದಾಟಿತು. ನೀರಿನ ಜೊತೆ ಫ್ಲೋರೈಡ್ ಕೂಡ ಮೇಲೆ ಬಂತು. ಭೂಕಂಪಕ್ಕೆ ಜನ ಒಂದು ರಾತ್ರಿ ಚಳಿಯಲ್ಲಿ ಹೊರಗೆ ಮಲಗುತ್ತಾರೆ, ಟೀವಿಯವರು ಬರ್ತಾರೆ. ಈ ನಿಧಾನದ ವಿಕೋಪಕ್ಕೆ ಯಾರೂ ಬರಲ್ಲ.

ಈಗ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಂತರ್ಜಲ ಏರುವುದು ಒಳ್ಳೆಯದೇ. ಆದರೆ ಮಳೆನೀರು ಬಿರುಕಿನ ಮೂಲಕ ಬಂಡೆಗೆ ಇಳಿಯುತ್ತದೆ ಎಂದಾದರೆ ಈ ನೀರೂ ಅದೇ ದಾರಿಯಲ್ಲಿ ನಮ್ಮ ಬೋರ್‌ವೆಲ್‌ಗೆ ಬರುತ್ತದೆ. ಮೂರನೇ ಹಂತದ ಶುದ್ಧೀಕರಣ ಕೇಳುವವರನ್ನು ಅಭಿವೃದ್ಧಿ ವಿರೋಧಿಗಳು ಅನ್ನುವ ಮೊದಲು ಇದನ್ನು ಯೋಚಿಸಬೇಕು. ಜೊತೆಗೆ ಒತ್ತುವರಿಯಾದ ರಾಜಕಾಲುವೆ ಬಿಡಿಸಿದರೆ ಮುಂದಿನ ದೊಡ್ಡ ಮಳೆಯ ನೀರಾದರೂ ಕೆರೆ ಸೇರುತ್ತದೆ.

ತಾತನಿಗೆ ಇಷ್ಟನ್ನೂ ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟು, ಹಾಗಾದ್ರೆ ಮಳೆ ಬರಲಿ ಬಿಡಪ್ಪ, ಸ್ವಲ್ಪ ನಡುಗಿದ್ರೂ ಪರವಾಗಿಲ್ಲ ಅಂದರು.