ಗಲ್ಲೆಯ ಕರಪತ್ರ, ಮೊಬೈಲಿನ ದಿಗಿಣ

ಮುಂಬಯಿಯಲ್ಲಿ ಯಕ್ಷಗಾನಕ್ಕೆ ಮಳೆಗಾಲವೇ ಸುಗ್ಗಿ. ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಊರಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕಲಾವಿದರು ತಂಡ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. 1933ರಲ್ಲಿ ಹುಟ್ಟಿದ, ಮಾಹಿಮಿನ ಕರ್ನಾಟಕ ಸಂಘ, ಕುರ್ಲಾದ ಬಂಟರ ಭವನ, ಸಾಂತಾಕ್ರೂಜಿನ ಬಿಲ್ಲವ ಭವನ – ಆಟ ಎಲ್ಲೇ ಇರಲಿ, ಮೊದಲು ಸುದ್ದಿ ಮುಟ್ಟಬೇಕಾದದ್ದು ನಮ್ಮವರ ಹೋಟೆಲಿನ ಗಲ್ಲೆಗೆ.

ಸಂಘದ ಪರವಾಗಿ ಆಟದ ಸುದ್ದಿಯ ಕರಪತ್ರ ಹಂಚಿದವರಲ್ಲಿ ನಾನೂ ಒಬ್ಬ. ಗುಲಾಬಿ ಅಥವಾ ಹಳದಿ, ತೆಳ್ಳನೆಯ ಕಾಗದ. ಮೇಲೆ ಪ್ರಸಂಗದ ಹೆಸರು, ಕೆಳಗೆ ಭಾಗವತರು, ಮದ್ದಳೆ, ಚಂಡೆ, ಆಮೇಲೆ ಮುಮ್ಮೇಳ. ಯಾರ ಹೆಸರು ದಪ್ಪಕ್ಷರದಲ್ಲಿ ಎಂಬುದರ ಮೇಲೆ ಪ್ರೆಸ್ಸಿನಲ್ಲೇ ಜಗಳ ಆಗುತ್ತಿತ್ತು. ಬಡೀಸೋಪಿನ ಬಟ್ಟಲಿನ ಪಕ್ಕ ಒಂದು ಕಟ್ಟು ಇಟ್ಟರೆ ಗಲ್ಲೆಯಲ್ಲಿ ಕೂತ ಶೆಟ್ರು ನಮ್ಮವರ ಮುಖ ನೋಡಿಯೇ ಬಿಲ್ಲಿನ ಜೊತೆ ಒಂದು ಕೊಡುತ್ತಿದ್ದರು. ಅಡುಗೆಮನೆಯ ಹುಡುಗರಿಗೆ ಹೆಸರುಗಳೇ ಸಾಕಿತ್ತು. ಹೋಟೆಲು ಮುಚ್ಚಿ, ಮಿಂದು, ಆಟಕ್ಕೆ ಬಂದು ಕೂತರೆ ಮುಂಜಾನೆಯ ಮೊದಲ ಲೋಕಲ್ ತನಕ ಏಳುವವರಲ್ಲ; ಕೊನೆಯ ಲೋಕಲ್ ತಪ್ಪಿಸಿಕೊಂಡವರಿಗೂ ಆಟವೇ ಆಸರೆ.

ಕ್ಯಾಸೆಟ್ ಬಂದ ಮೇಲೆ ಹೆಸರಿಗೆ ದನಿಯೂ ಸೇರಿತು. 1990ರಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಪದ ಎಷ್ಟೋ ಹೋಟೆಲುಗಳ ಟೇಪಿನಲ್ಲಿ ಆಮೇಲೂ ಮೊಳಗುತ್ತಿತ್ತು. ಆಮೇಲೆ, ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಮೈಕು ಹಾಕುವಂತಿಲ್ಲ ಎಂಬ 2000ದ ಶಬ್ದಮಾಲಿನ್ಯ ನಿಯಮ ಬಂತು. ಆಟ ಸಭಾಗೃಹದೊಳಗೆ, ಭಾನುವಾರದ ಮಧ್ಯಾಹ್ನಕ್ಕೆ ಸರಿಯುತ್ತ ಹೋಯಿತು.

ವಿಡಿಯೊದ ಕಾಲ ನಿಜಕ್ಕೂ ಶುರುವಾದದ್ದು 2016ರಲ್ಲಿ ಜಿಯೋ ಡೇಟಾ ಅಗ್ಗ ಮಾಡಿದಾಗ. ಯೂಟ್ಯೂಬ್ ಅದಕ್ಕೂ ಮೊದಲೇ ಇತ್ತು, ಆದರೆ ವೇಟರ್ ಹುಡುಗನ ಕಿಸೆಯಲ್ಲಿ ಇರಲಿಲ್ಲ. ಈಗ ಮೂವತ್ತು ಸೆಕೆಂಡಿನ ತುಣುಕೊಂದು ವಾಟ್ಸಾಪ್ ಸ್ಟೇಟಸ್ಸಿಗೆ ಏರಿದರೆ ವಿರಾರ್, ಡೊಂಬಿವಿಲಿಯಿಂದಲೂ ಜನ ಬರುತ್ತಾರೆ. ಕನ್ನಡ ಓದಲು ಬಾರದ, ಇಲ್ಲೇ ಹುಟ್ಟಿದ ಮಕ್ಕಳೂ ಬರುತ್ತಾರೆ. ಕರಪತ್ರ ಅವರನ್ನು ಎಂದೂ ಕರೆತರುತ್ತಿರಲಿಲ್ಲ, ಒಪ್ಪಬೇಕು.

ಆದರೆ ಆ ಮೂವತ್ತು ಸೆಕೆಂಡಿನಲ್ಲಿ ಹಿಡಿಸುವುದು ಗಿರಕಿ ಹೊಡೆಯುವ ದಿಗಿಣ, ಮಹಿಷಾಸುರನ ದೊಂದಿ, ಚಂಡೆಯ ಅಬ್ಬರ. ಅರ್ಥಗಾರಿಕೆ ಹಿಡಿಸುವುದಿಲ್ಲ. ‘ಎಷ್ಟು ದಿಗಿಣ ತೆಗೀತಾರೆ?’ ಎಂದು ಸಂಘಟಕರೇ ಕೇಳುವುದನ್ನು ಕೇಳಿದ್ದೇನೆ. ಪುಂಡುವೇಷದ ಹುಡುಗರು ಪಾಪ ಮೊಣಕಾಲು ಸವೆಸಿಕೊಂಡು ತೆಗೆಯುತ್ತಾರೆ. ಎದುರಿಗೆ ಎತ್ತಿದ ಮೊಬೈಲುಗಳ ಸಾಲು. ಕೆಲವರು ಇಡೀ ಆಟವನ್ನೇ ಲೈವ್ ಬಿಡುತ್ತಾರೆ, ಮುಂದಿನ ವಾರ ಅದೇ ಪ್ರಸಂಗವಿಟ್ಟವರ ಗತಿ ದೇವರಿಗೇ ಪ್ರೀತಿ.

ಕುಣಿತವಿಲ್ಲದೆ ಮಾತಿನ ಮೇಲೇ ನಿಂತ ತಾಳಮದ್ದಳೆಗೆ ಮಾತ್ರ ನಾನು ಈಗಲೂ ಕರಪತ್ರವನ್ನೇ ಹೊಡೆಸುತ್ತೇನೆ. ಕರ್ಣ ಪೀಠಿಕೆ ಮುಗಿಸುವುದಕ್ಕೇ ಹತ್ತು ನಿಮಿಷ ಬೇಕು.