ದಾರಪ್ರತ್ಯಯವಿಚಾರ
(ಬಳ್ಳಾರಿ ಸೀಮೆಯ ಆಡಳಿತಪದಗಳ ದೃಷ್ಟಿಯಿಂದ)

ಪರಭಾಷೆಯ ಪದವು ಬಳಕೆಗೆ ಬರುವುದು ಬೇರೆ, ಪರಭಾಷೆಯ ಪ್ರತ್ಯಯವು ವ್ಯಾಕರಣದ ಅಂಗವಾಗುವುದು ಬೇರೆ. ಮೊದಲನೆಯದು ನಿಘಂಟಿಗೆ ಸೇರಿದ ವಿಷಯ. ಎರಡನೆಯದು ಶಬ್ದಶಾಸ್ತ್ರಕ್ಕೆ ಸೇರಿದುದು. ಫಾರಸಿಯ 'ದಾರ'ವು ಕನ್ನಡದಲ್ಲಿ ಮೊದಲನೆಯ ಅವಸ್ಥೆಯಿಂದ ಎರಡನೆಯದಕ್ಕೆ ದಾಟಿದ ಬಗೆಯು ವಿಚಾರಾರ್ಹವಾಗಿದೆ.

12ನೆಯ ಶತಮಾನದಲ್ಲಿ ಸಿಂದರು ಕುರುಗೋಡಿನಿಂದ ಬಲ್ಲಕುಂದೆನಾಡನ್ನು ಆಳುತ್ತಿದ್ದರು. ಆ ಕಾಲದ ಕನ್ನಡ ಶಾಸನಗಳಲ್ಲಿ ಗಾವುಂಡ, ಸೇನಬೋವ, ಸುಂಕ ಮೊದಲಾದ ಪದಗಳು ಕಾಣುವುವು. ವಿಜಯನಗರದ ಪತನಾನಂತರ ಈ ಸೀಮೆಯ ಕಚೇರಿಗಳಲ್ಲಿ ಫಾರಸಿಯ ಪರಿಭಾಷೆಯು ನೆಲೆಗೊಂಡಿತು. 1800ರಲ್ಲಿ ನಿಜಾಮನು ಈ ಪ್ರದೇಶವನ್ನು ಕಂಪೆನಿಗೆ ಬಿಟ್ಟುಕೊಟ್ಟನು. ಮನ್ರೋ ಸಾಹೇಬನು 1807ರವರೆಗೆ ಇಲ್ಲಿಯ ಕಂದಾಯವ್ಯವಸ್ಥೆಯನ್ನು ನಡೆಸಿದಾಗಲೂ ಆ ಪರಿಭಾಷೆಯು ಬದಲಾಗಲಿಲ್ಲ. ಅವನ ಪದ್ಧತಿಯ ಹೆಸರೇ 'ರೈತವಾರಿ' ಎಂಬುದಾಗಿದೆ. 'ಸಿರುಗುಪ್ಪ ತಾಲ್ಲೂಕು' ಎಂಬಲ್ಲಿಯ ಉತ್ತರಪದವೂ ಅರಬ್ಬಿಯದೇ. ಮೂಲದಲ್ಲಿ ಅದಕ್ಕೆ 'ಸಂಬಂಧ' ಎಂದರ್ಥ.

ಈ ಪರಿಭಾಷೆಯೊಡನೆ ಇನಾಂದಾರ, ಜಮೀನುದಾರ, ಜಾಗೀರುದಾರ ಮೊದಲಾದ ಪದಗಳು ಇಡಿಯಾಗಿ ಬಂದುವು. ಇವುಗಳಲ್ಲಿ 'ದಾರ' ಎಂದರೆ 'ಹಿಡಿದವನು, ಉಳ್ಳವನು'. ಸಂಸ್ಕೃತದ 'ಧೃ' ಧಾತುವಿಗೆ ಇದು ಸಗೋತ್ರವಾದುದು. ಇನಾಂ-ಇನಾಂದಾರ, ಜಮೀನು-ಜಮೀನುದಾರ ಎಂಬ ಜೋಡಿಗಳು ಬಳಕೆಯಲ್ಲಿದ್ದುದರಿಂದ ಪ್ರಕೃತಿ ಯಾವುದು, ಪ್ರತ್ಯಯ ಯಾವುದು ಎಂಬುದು ಫಾರಸಿಯನ್ನರಿಯದವನಿಗೂ ತಿಳಿಯಿತು. ಆಮೇಲೆ ಈ ಪ್ರತ್ಯಯವು ತನ್ನೊಡನೆ ಬಂದ ಪ್ರಕೃತಿಗಳ ಆಶ್ರಯವನ್ನು ಬಿಟ್ಟಿತು. ಕನ್ನಡ ಪ್ರಕೃತಿಯಲ್ಲಿ ಪಾಲುದಾರ, ಗುತ್ತಿಗೆದಾರ, ತದ್ಭವದಲ್ಲಿ ಬಾಡಿಗೆದಾರ, ತತ್ಸಮದಲ್ಲಿ ಮತದಾರ, ಇಂಗ್ಲಿಷಿನಲ್ಲಿ ಷೇರುದಾರ ಎಂಬ ರೂಪಗಳು ಸಿದ್ಧಿಸಿದುವು. 'ಬೇ' ಎಂಬ ಉಪಸರ್ಗಕ್ಕಾದರೋ ಈ ಸ್ವಾತಂತ್ರ್ಯವು ದೊರೆಯಲಿಲ್ಲ. ಬೇಕಾರು, ಬೇನಾಮಿ, ಬೇಜವಾಬ್ದಾರಿ ಎಂಬಲ್ಲಿ ಅದು ಬಹುಮಟ್ಟಿಗೆ ತನ್ನ ಕಡೆಯ ಪದಗಳನ್ನೇ ಅವಲಂಬಿಸಿದೆ.

ಇಂತಹ ರೂಪಗಳು ಅರಿಸಮಾಸದೋಷಕ್ಕೆ ಒಳಗಾಗುವುವೆಂದು ಆಕ್ಷೇಪಿಸಬಹುದು. ಸಂಸ್ಕೃತ-ಕನ್ನಡಪದಗಳ ಸಮಾಸವನ್ನು ಕೇಶಿರಾಜನು ಸಾಮಾನ್ಯವಾಗಿ ನಿಷೇಧಿಸಿ, ಬಿರುದಾವಳಿ ಮೊದಲಾದೆಡೆಗಳಲ್ಲಿ ಮಾತ್ರ ಒಪ್ಪಿರುವನಷ್ಟೆ. ಆದರೆ ಆ ನಿಷೇಧವು ಪದಕ್ಕೂ ಪದಕ್ಕೂ ಸಂಬಂಧಿಸಿದುದು. ಕನ್ನಡದಲ್ಲಿ 'ದಾರ'ವೆಂಬ ಸ್ವತಂತ್ರಪದಕ್ಕೆ ನೂಲೆಂದೂ, ಸಂಸ್ಕೃತದಲ್ಲಿ ಹೆಂಡತಿಯೆಂದೂ ಅರ್ಥ. 'ಮತದಾರ'ದಲ್ಲಿ ಇವೆರಡೂ ಸಲ್ಲವು. 'ಮತದಾನ'ದೊಡನೆಯೂ ಅದಕ್ಕೆ ಧ್ವನಿಸಾಮ್ಯವೇ ಹೊರತು ವ್ಯುತ್ಪತ್ತಿಸಂಬಂಧವಿಲ್ಲ. ಆದುದರಿಂದ ಇಲ್ಲಿ ಸಮಾಸವೇ ಇಲ್ಲ. ಇದು ತದ್ಧಿತವೆಂದು ತಿಳಿಯತಕ್ಕುದು. ಸಂಸ್ಕೃತದ 'ಕಾರ'ದಿಂದ ಬಂದ 'ಗಾರ'ವು ಮಾಲೆಗಾರದಿಂದ ಹಾಡುಗಾರದವರೆಗೆ ಹರಡಿ ಈಗ ಶಾಲಾವ್ಯಾಕರಣಗಳಲ್ಲಿ ಕನ್ನಡ ತದ್ಧಿತವೆಂದೇ ಗಣಿತವಾಗಿರುವುದು ಇದಕ್ಕೆ ನಿದರ್ಶನ.

ಮತ್ತೊಂದು ಪ್ರಮಾಣವು ಇದಕ್ಕಿಂತಲೂ ಬಲವಾದುದು. 'ಪಾಲುದಾರಿಕೆ' ಎಂಬಲ್ಲಿ 'ದಾರ'ದ ಮೇಲೆ ಕನ್ನಡದ 'ಇಕೆ' ಪ್ರತ್ಯಯವು ನಿಂತಿದೆ. ಕೆಳಗಿನ ಕಲ್ಲನ್ನು ಕಿತ್ತರೆ ಮೇಲಿನ ಕಲ್ಲೂ ಬೀಳುವುದು. ಅನ್ಯದೇಶ್ಯವೆಂದು 'ದಾರ'ವನ್ನು ತೆಗೆದುಹಾಕುವವರು ಅದನ್ನಾಶ್ರಯಿಸಿದ ರೂಪಗಳಿಗೆಲ್ಲ ಬೇರೆ ಆಧಾರವನ್ನು ತೋರಿಸಬೇಕಾಗುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮದರಾಸಿನಿಂದ ಮೈಸೂರಿಗೆ ಸೇರಿತು. 2021ರಲ್ಲಿ ವಿಜಯನಗರವು ಅದರಿಂದ ಬೇರೆ ಜಿಲ್ಲೆಯಾಯಿತು. ಜಿಲ್ಲೆಯ ಎಲ್ಲೆಗಳು ಹೀಗೆ ಬದಲಾದರೂ ತಹಶೀಲ್ದಾರನೂ ಮತದಾರನೂ ಹಾಗೆಯೇ ಉಳಿದರು. ಆದಕಾರಣ ಪಾಠಹೇಳುವವರು ಈ ರೂಪಗಳನ್ನು ಅಶುದ್ಧವೆಂದು ತಿದ್ದುವುದಕ್ಕಿಂತ, 'ದಾರ'ವನ್ನು ಅದರ ಮೂಲನಿರ್ದೇಶದೊಡನೆ ತದ್ಧಿತಪ್ರಕರಣದಲ್ಲಿ ಹೇಳುವುದೇ ಯುಕ್ತವು.